ಗುಂಡಿ ಕಿತ್ತ ಕೋಟುಗಳು

ಪುಸ್ತಕ ಬರೆದು ದೊಡ್ಡ ಮನುಷ್ಯನಾದ ಅಣ್ಣನಿಗೆ,

ನಮ್ಮೂರಿನ ಕಾಫಿಮನೆಗಳ ಬಗ್ಗೆ ನೀನು ಬರೆದ ಇತಿಹಾಸ ತಲುಪಿತು. ಅಪ್ಪ ಚಿಂತಕರಿಗೆಂದೇ ತನ್ನ ಹೊಲಿಗೆ ಅಂಗಡಿಯಲ್ಲಿ ಮೊದಲ ಕಾಫಿಮನೆ ತೆರೆದನಂತೆ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದನ್ನು ಎಲ್ಲಿ ಕಲಿತೆಯೋ ಮಾರಾಯ.

ಅಪ್ಪ ಒಳ್ಳೆಯ ದರ್ಜಿ, ಆದರೆ ಹೇಳಿದ ದಿನ ಬಟ್ಟೆ ಕೊಟ್ಟವನಲ್ಲ. ಕತ್ತರಿಯನ್ನೇ ಹಾಕದ ಬಟ್ಟೆಗೂ "ಇನ್ನೇನು, ಕಾಜ ಹಾಕೋದೊಂದು ಬಾಕಿ" ಅನ್ನುತ್ತಿದ್ದ. ಕಾದು ಕಾದು ಸಿಟ್ಟಾದವರ ಬಾಯಿ ಮುಚ್ಚಿಸಲು ಅಮ್ಮ ಒಳಗಿನಿಂದ ಕಾಫಿ ತಂದುಕೊಟ್ಟಳು. ಕಾಫಿಮನೆ ಹುಟ್ಟಿದ್ದು ಹಾಗೆ. ಆಮೇಲೆ ಜನ ದುಡ್ಡು ಕೊಟ್ಟು ಕಾಫಿ ಕುಡಿಯಲೆಂದೇ ಬರತೊಡಗಿದರು. ಕೆಲಸವಿಲ್ಲದೆ ಬಂದು ಕೂರಲು ಸಂಕೋಚ, ಅದಕ್ಕೆ ಕೋಟಿನ ಗುಂಡಿಯನ್ನು ತಾವೇ ಕಿತ್ತುಕೊಂಡು ಬರುತ್ತಿದ್ದರು. ಅಂಚೆ ಗುಮಾಸ್ತರಂತೂ ಒಂದೇ ಕೋಟು ಹಿಡಿದು ಇಡೀ ಚಳಿಗಾಲ ಬಂದರು. ಅಮ್ಮ "ಮತ್ತೆ ಉದುರಿತಾ?" ಅಂದರೆ, "ಏನ್ ಮಾಡೋದಮ್ಮಾ, ನಿಮ್ಮ ಯಜಮಾನರ ದಾರ ಗಟ್ಟಿ ಇಲ್ಲ" ಅನ್ನುತ್ತಿದ್ದರು. ಮಷಿನ್ ಮುಂದೆ ಕೂತ ಅಪ್ಪನ ಮುಖ ಗಂಟಾಗುತ್ತಿತ್ತು.

ಅವರೆಲ್ಲ ಒಯ್ಯಲು ಮರೆತು ಅಂಗಡಿಯಲ್ಲೇ ಉಳಿದ ಆ ಕೋಟುಗಳನ್ನು ನೀನು ನಿನ್ನ ಹೊಸ ಕಾಫಿಮನೆಯ ಗೋಡೆಗೆ ತೂಗುಹಾಕಿ, 'ಗುಂಡಿಗೂ ಗತಿಯಿಲ್ಲದ ಚಿಂತಕರು' ಎಂದು ಬರೆಸಿದ್ದೀಯ. ಗುಮಾಸ್ತರು ತಮ್ಮ ಕೋಟೂ ಅಲ್ಲಿರುವುದನ್ನು ನೋಡಿ ಬಂದು, "ಹೊಟ್ಟೆ ತುಂಬ ಉಂಡವನನ್ನ ಭಿಕಾರಿ ಮಾಡಿಬಿಟ್ಟನಲ್ಲಮ್ಮ ನಿಮ್ಮಣ್ಣ" ಅಂದರು. ಅವರಿಗೆ ನಗು. ನನಗೆ ನಗು ಬರಲಿಲ್ಲ.

ಯಾಕೆಂದರೆ ಅಷ್ಟು ದಪ್ಪ ಪುಸ್ತಕದಲ್ಲಿ ಅಮ್ಮನಿಗೆ ಸಿಕ್ಕಿದ್ದು ಒಂದೇ ಸಾಲು: 'ಪತ್ನಿಯ ಸಹಕಾರವೂ ಇತ್ತು.' ಅವಳ ಕೈಯ ಕಾಫಿಯ ದುಡ್ಡಲ್ಲಿ ಓದಿದವನು ನೀನು. ಈಗ ಭಾನುವಾರ ನಿನ್ನ ಕಾಫಿಮನೆಯ ಸಭೆಯಲ್ಲಿ ಅವಳೇ ವೇದಿಕೆ ಹತ್ತಿ, ಅಪ್ಪನ ಪಟದ ಪರದೆ ಸರಿಸಿ, 'ಎಲ್ಲ ಅವರೇ ಮಾಡಿದ್ದು' ಅನ್ನಬೇಕಂತೆ. ನಾಚಿಕೆ ಅನ್ನುವುದು ನಿನ್ನ ಮನೆಯ ಹೊಸ್ತಿಲನ್ನೂ ತುಳಿದಿಲ್ಲ.

ಆಹ್ವಾನವನ್ನು ಅಮ್ಮನಿಗೆ ಓದಿ ಹೇಳಿದೆ. ಕಣ್ಣು ಒದ್ದೆಯಾಯಿತು, ಒರೆಸಿಕೊಂಡಳು. ಆಮೇಲೆ "ಭಾನುವಾರ ನಂಗೆ ಪುರುಸೊತ್ತಿಲ್ಲ ಅಂತ ಬರಿ" ಅಂದಳು. ನೆಪವಲ್ಲ, ನಿಜವಾಗಿಯೂ ಇಲ್ಲ. ನಿನ್ನ ಸಭೆಯ ಹೊತ್ತಿಗೇ ಅಂಗಡಿಯಿದ್ದ ನಮ್ಮ ಮುಂದಿನ ಕೋಣೆಯಲ್ಲಿ ಕಾಫಿಗೆ ಒಲೆ ಹಚ್ಚುತ್ತಾಳೆ. ಹಳಬರಿಗೆಲ್ಲ ಹೇಳಿಕಳಿಸಿದ್ದಾಳೆ. ನಿನ್ನ ಸಭೆಯ ಅಧ್ಯಕ್ಷರೂ ಇಲ್ಲಿಗೇ ಬರುತ್ತಾರಂತೆ, ಆದ್ದರಿಂದ ಕುರ್ಚಿ ಹೆಚ್ಚು ತರಿಸಬೇಡ.

ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿ ಗಂಟಲು ಒಣಗಿದರೆ ನೀನೂ ಬಾ. ಹೆತ್ತವಳು, ಕಾಫಿ ಕೊಡುತ್ತಾಳೆ. ಕುಡಿದ ಲೋಟ ಮಾತ್ರ ನೀನೇ ತೊಳೆದಿಡಬೇಕು.

ಅಮ್ಮನ ಆಶೀರ್ವಾದ ಎಂದಿನಂತೆ ಇದೆ. ನನ್ನಿಂದ ಇಷ್ಟೇ.

ನಿನ್ನ ತಂಗಿ