ಬಿಳಿ ಕಮಾರೊ ಮೇಲಿನ ಕುಂಕುಮ

ದುಬೈ ಸಿಲಿಕಾನ್ ಓಯಸಿಸ್
26 ಅಕ್ಟೋಬರ್ 2025

ಪ್ರೀತಿಯ ಅಮ್ಮನಿಗೆ,

ರಘುವಿನ ನಮಸ್ಕಾರಗಳು. ನೀನು ಮೈಸೂರು ತಲುಪಿ ಇಷ್ಟು ದಿನವಾದರೂ ನಾನು ಒಂದು ಸಾಲು ಬರೆಯಲಿಲ್ಲ, ಕ್ಷಮಿಸು. ನಿನ್ನ ಸೊಸೆ ಗಾನವಿ ಫೋನ್ ಮಾಡಿದರೆ ಊರ ಸುದ್ದಿಯೆಲ್ಲ ಹೇಳುತ್ತೀಯಂತೆ. ನಾನು ಮಾಡಿದರೆ "ಒಲೆ ಮೇಲೆ ಹಾಲಿದೆ ಕಣೋ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಹಾಲು ಉಕ್ಕಿ, ಆರಿದ ಮೇಲೂ ಓದಬಹುದು.

ನೀನಿದ್ದಾಗ ಮನೆ ಕೆಳಗೆ ನಿಂತಿದ್ದ ಆ ಎರಡು ಕಾರುಗಳನ್ನು ಹೋಲಿಸಿ ನಾನು ಬರೆದದ್ದು ನಮ್ಮ ಹಳೇ ಕಾರುಗಳ ಕ್ಲಬ್ಬಿನ ಪತ್ರಿಕೆಯಲ್ಲಿ ಬಂತು. ಎರಡೂ ಅಮೆರಿಕದವು, ಎರಡೂ 1969ರವು. ನೇರ ರಸ್ತೆಯಲ್ಲಿ ಕೆಂಪು ಮಸ್ಟಾಂಗ್ ಕಾಲೊತ್ತಿದ ಕೂಡಲೇ ಚಿಮ್ಮುತ್ತದೆ. ತಿರುವಿನಲ್ಲಿ ಬಿಳಿ ಕಮಾರೊ ಹೇಳಿದ ಮಾತು ಕೇಳುತ್ತದೆ. ಓಟಕ್ಕೆ ಮಸ್ಟಾಂಗ್, ಸಂಗ್ರಹಕ್ಕೆ ಕಮಾರೊ ಎಂದು ತೀರ್ಪು ಕೊಟ್ಟೆ. ಮಸ್ಟಾಂಗಿಗೆ ಯಾರೋ ಹೊಸ ಬಣ್ಣ ಹೊಡೆಸಿದ್ದಾರೆ. ಕಮಾರೊ ಮೈಮೇಲೆ ಕಾರ್ಖಾನೆಯಲ್ಲಿ ಬಳಿದ ಬಣ್ಣವೇ ಇತ್ತು. ಅಂಥದ್ದಕ್ಕೆ ಸಂಗ್ರಹಕಾರರು ಪ್ರಾಣ ಬಿಡುತ್ತಾರೆ.

ಇದನ್ನು ನಿನಗೆ ಮೊದಲೇ ಹೇಳಬೇಕಿತ್ತು. ಕ್ಲಬ್ಬಿನ ಶಾನವಾಝ್ ಸಾಹೇಬರು ತಮ್ಮ ಕಾರುಗಳನ್ನು ಓಡಿಸಿ ನೋಡಲು ಕೊಟ್ಟಿದ್ದಾರೆ ಎಂದಷ್ಟೇ ಹೇಳಿ ಆಫೀಸಿಗೆ ಹೋದೆ. ಆಯುಧಪೂಜೆಯ ದಿನ ಮಗನ ಮನೆ ಕೆಳಗೆ ನಿಂತ ಗಾಡಿಗೆ ಬೊಟ್ಟಿಡದೆ ಮೈಸೂರಿನ ಯಾವ ತಾಯಿ ಸುಮ್ಮನಿರುತ್ತಾಳೆ? ನೀನು ಅರಿಸಿನ ಕುಂಕುಮ ಕಲಸಿ ಎರಡಕ್ಕೂ ಹಚ್ಚಿದೆ. ಮಸ್ಟಾಂಗಿನ ಕೆಂಪಿನಲ್ಲಿ ಅದು ಕಾಣಲೇ ಇಲ್ಲ. ಕಮಾರೊ ನೋಡಿ ನಾನು ಕಿರುಚಿದ ಮೇಲೆ ನೀನು ಹೆದರಿ, ಪಾತ್ರೆ ಉಜ್ಜುವ ನಾರು ತಂದು ತಿಕ್ಕಿದೆ. ಬಾನೆಟ್ಟಿನ ತುಂಬ ಗೀರು ಬಿತ್ತು.

ಮರುದಿನ ಸಾಹೇಬರು ಕೆಳಗೆ ಕಾರು ನೋಡಿಕೊಂಡೇ ಮೇಲೆ ಬಂದರು. ಭಟ್ಕಳದವರಲ್ಲವೆ, ಕನ್ನಡದಲ್ಲೇ ಕೇಳಿದರು: "ಯಾರು ಮಾರಾಯ್ರೆ ಈ ಕೆಲಸ ಮಾಡಿದ್ದು?"

"ಮನೆಗೆಲಸದವಳು ಸಾರ್. ಊರಿಂದ ಹೊಸದಾಗಿ ಬಂದಿದಾಳೆ, ಏನೂ ಗೊತ್ತಾಗಲ್ಲ" ಅಂದೆ.

ಅವರು "ಖಲಾಸ್, ಆದದ್ದಾಯ್ತು. ಪಾಪ, ಅವರಿಗೆ ಬೈಬೇಡಿ" ಎಂದರು.

ಕ್ಲಬ್ಬಿನವರ ಮುಂದೆ ನನ್ನ ಮಾನ ಉಳಿಯಲಿ ಎಂದು ಹೆತ್ತವಳನ್ನೇ ಆಳು ಮಾಡಿದೆನಮ್ಮ. ಗಾನವಿಗೂ ಹೇಳಿಲ್ಲ, ಹೇಳುವ ಮುಖವಿಲ್ಲ. ನೀನು ಅಡುಗೆಮನೆಯಲ್ಲಿದ್ದೆ, ಒಗ್ಗರಣೆಯ ಸದ್ದಿಗೆ ನಿನಗೆ ಕೇಳಿಸಿರಲಾರದು. ವೀಸಾ ಇನ್ನೂ ಇರುವಾಗಲೇ "ಮನೇಲಿ ತುಳಸಿ ಒಣಗುತ್ತೆ" ಎಂದು ಹೊರಟದ್ದು ತುಳಸಿಗಾಗಿಯೇ ಇರಬೇಕು. ಬೈಯುವುದಾದರೂ ಒಮ್ಮೆ ನನ್ನ ಫೋನ್ ಇಟ್ಟುಬಿಡದೆ ಬಯ್ಯಿ. ಅದನ್ನೇ ಆಶೀರ್ವಾದ ಎಂದುಕೊಳ್ಳುತ್ತೇನೆ.

ನಿನ್ನ ಮಗ,
ರಘುನಂದನ

ತಾ.ಕ.: ಕೇಳಿಸಿರಲಾರದು ಎಂದು ಬರೆದದ್ದು ಸುಳ್ಳು. ಆ ದಿನ ಹೊರಡುವಾಗ ಸಾಹೇಬರು ನಿನ್ನ ಕೈಗೆ ಒಂದು ನೋಟು ಇಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಗನ ಮಾತು ಸುಳ್ಳಾಗಬಾರದೆಂದು ನೀನು ಆ ಭಕ್ಷೀಸು ತೆಗೆದುಕೊಂಡೆ, ತಲೆ ಬಗ್ಗಿಸಿ, "ಒಳ್ಳೇದಾಗ್ಲಿ ಬುದ್ಧಿ" ಅಂದೆ.