ಅಪ್ಪನ ಮೇಲೆ ಕಾರು ನಿಲ್ಲಿಸುತ್ತಾರೆ

ಹೋಕನ್ ಅಣ್ಣಾ,

ಸ್ಟಾಕ್‌ಹೋಮಿಗೆ ಬಂದವಳು ರಾಸುಂಡ ಕ್ರೀಡಾಂಗಣವಿದ್ದ ಜಾಗಕ್ಕೆ ಹೋಗಿದ್ದೆ. ಕೆಡವಿ, ಮಾರಿ, ಅಪಾರ್ಟ್‌ಮೆಂಟು ಎಬ್ಬಿಸಿದ್ದಾರೆ, ಪಾಪಿಗಳು! ಹುಡುಗನಾಗಿದ್ದಾಗ ಅಪ್ಪ ವಿಶ್ವಕಪ್ ಫೈನಲ್ ನೋಡಿದ್ದು ಇಲ್ಲೇ. ನಮ್ಮವರು ಬ್ರೆಜಿಲ್‌ಗೆ ಸೋತರೂ "ಮೊದಲ್ನೇ ಗೋಲು ನಮ್ದೇ ಕಣ್ರೋ" ಅಂತ ಸಾಯುವ ತನಕ ಬೀಗುತ್ತಿದ್ದ. ಕಾವಲುಗಾರನ ಕಣ್ಣು ತಪ್ಪಿಸಿ ನಾವಿಬ್ಬರೂ ಆ ಗೋಲು ಬಿದ್ದ ಕಂಬಗಳ ಮುಂದೆ ಅವನ ಬೂದಿ ಚೆಲ್ಲಿದ್ದೆವಲ್ಲ, ಅಲ್ಲೀಗ ಕಾರು ನಿಲ್ಲಿಸುತ್ತಾರೆ. ನಾನು ಅಲ್ಲೇ ನಿಂತುಬಿಟ್ಟೆ. ಒಬ್ಬ ಹಾರ್ನ್ ಹೊಡೆದ.

"ರೀ, ಸರೀರಿ, ಇದು ನನ್ ಜಾಗ."

"ನಿನಗಿಂತ ಮೊದ್ಲೇ ನಮ್ಮಪ್ಪ ಬಂದಿದಾನೆ ಕಣೋ!"

ಹುಚ್ಚಿಯೆಂದುಕೊಂಡು ಕಾರು ಹಿಂದಕ್ಕೆ ತೆಗೆದ.

ಕೆಮ್ಮು ಇಳಿದಿದೆ. ಗುರುವಾರ ರೈಲು ಹತ್ತುತ್ತೇನೆ. ಅಮ್ಮ ಕೇಳಿದರೆ ಅಪ್ಪನ ಜಾಗದಲ್ಲಿ ಹುಲ್ಲು ಹಸಿರಾಗಿದೆ ಅಂತ ನೀನೇ ಹೇಳು. ನನ್ನ ಬಾಯಲ್ಲಿ ಬರುವುದು ಬೈಗುಳ ಮಾತ್ರ.

ಗುನಿಲ್ಲಾ