ಬೆಳಕು ಕರಾರಿಗೆ ಒಂದು ಸಾಲು

ಹುಬ್ಬಳ್ಳಿ,
ಉರಿತಿಂಗಳ ನಲವತ್ತೊಂದನೆಯ ದಿನ, ೨೧೮೭

ನೀಲಗಂಗಾ ಶಿಖರದ ಮೊದಲ ಬಾಡಿಗೆ ಕರಾರು ಬರೆಯಲು ಕುಳಿತವರಿಗೆ,

ನಿಮ್ಮ ಹೆಸರು ನನಗೆ ತಿಳಿಯದು. ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಿಮ್ಮ ಏಪ್ರಿಲ್, ಮೇ ಎರಡನ್ನೂ ಕೂಡಿಸಿ ನಾವು ಒಂದೇ ತಿಂಗಳು ಮಾಡಿಕೊಂಡು ಬಹಳ ವರ್ಷಗಳಾದವು. ಇಲ್ಲಿ ಬರುವ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಬೇಕು, ಅವುಗಳಿಗೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಸಾವಾದ ಮನೆಗೆ ನಗರಪಾಲಿಕೆಯ ಆರೋಗ್ಯದವರು ಬಂದು ಹಾಳೆಗಳನ್ನು ಕೊಟ್ಟುಹೋಗುತ್ತಾರೆ. ಬೇಕಾದವರು ಹಿಂದಿನ ಕಾಲದ ಯಾರಿಗಾದರೂ ಬರೆದು ಹಾಕಬಹುದು. ಇದಕ್ಕೆ ಹಿಂದಂಚೆ ಎನ್ನುತ್ತೇವೆ. ಅದು ಹೋಗಿ ಮುಟ್ಟುತ್ತದೆಯೋ ಇಲ್ಲವೋ ಯಾರೂ ಖಚಿತವಾಗಿ ಹೇಳುವುದಿಲ್ಲ. ಹೆಚ್ಚಿನವರು ಸತ್ತವರಿಗೇ ಬರೆಯುತ್ತಾರಂತೆ. ನನಗೆ ನನ್ನ ಯಜಮಾನರಿಗೆ ಹೇಳುವಂಥದ್ದೇನೂ ತೋಚಲಿಲ್ಲ. ನಿಮಗೆ ಹೇಳುವುದಿತ್ತು.

ನೀವು ಕಾಗದದ ಮೇಲೆ ಮಾತ್ರ ನೋಡಿರುವ ಗೋಪುರದಲ್ಲಿ ನಾನಿದ್ದೇನೆ. ಕೊಪ್ಪಿಕರ್ ರಸ್ತೆಯ ಕಡೆಗೆ ಅದರ ಮುಖ. ತೀರ ಮೇಲಿನ ಮಹಡಿಗಳಲ್ಲಿ ನಮ್ಮಂಥವರ ಮನೆಗಳು, ನಡುವೆ ಕಚೇರಿಗಳು, ನೆಲಕ್ಕೆ ಅಂಗಡಿಗಳು. ಉರಿತಿಂಗಳಲ್ಲಿ ಹೊತ್ತೇರಿದ ಮೇಲೆ ಹೊರಗೆ ಕಾಲಿಡುವಂತಿಲ್ಲವಾದ್ದರಿಂದ ಊರಿನ ಬೀದಿಗಳೆಲ್ಲ ಹೀಗೆ ಕಟ್ಟಡಗಳ ಒಳಗೆ ಬಂದಿವೆ. ನೆಲಮಹಡಿಗೆ ನಾವು ಬೀದಿಮಹಡಿ ಎನ್ನುತ್ತೇವೆ. ಕಚೇರಿಗಳಲ್ಲಿ ಕೂರುವವರು ಸಾಕ್ಷಿದಾರರು. ಲೆಕ್ಕ, ತೀರ್ಮಾನ, ಪತ್ರವ್ಯವಹಾರ ಎಲ್ಲವನ್ನೂ ಯಂತ್ರಗಳೇ ಮಾಡುತ್ತವೆ. ಆದರೆ ಪ್ರತಿಯೊಂದು ತೀರ್ಮಾನದ ಹೊತ್ತಿಗೆ ಕೋಣೆಯಲ್ಲಿ ಒಬ್ಬ ಮನುಷ್ಯ ಎಚ್ಚರವಾಗಿ ಕುಳಿತಿರಬೇಕೆಂದು ಕಾನೂನಿದೆ. ಅವರ ಕೆಲಸ ಅಷ್ಟೇ. ಮಧ್ಯಾಹ್ನ ಅವರೆಲ್ಲ ಒಟ್ಟಿಗೆ ಇಳಿದುಬರುತ್ತಾರೆ. ಬೆಳಗಿನಿಂದ ಯಾರೊಡನೆಯೂ ಮಾತಾಡಿರದ ಕಾರಣ ಅವರ ದನಿ ಸ್ವಲ್ಪ ಒಡೆದಿರುತ್ತದೆ.

ಬೀದಿಮಹಡಿಯಲ್ಲಿ ಅಂಗಡಿ ಹಿಡಿಯಬೇಕಾದರೆ ಬೆಳಕು ಕರಾರಿಗೆ ಸಹಿ ಹಾಕಬೇಕು. ಕೆಳಗೆ ಅಂಗಡಿಗಳು ನಡೆಯುತ್ತಿದ್ದರೆ ಮಾತ್ರ ಮೇಲೆ ಕಚೇರಿಗಳಿಗೆ ಪಾಲಿಕೆಯ ಪರವಾನಗಿ ಇರುತ್ತದೆ. ಹಾಗಾಗಿ ಬಾಡಿಗೆದಾರರು ದಿನವೂ ಗೊತ್ತಾದ ಹೊತ್ತಿಗೆ ಬಾಗಿಲು ತೆಗೆದು, ದೀಪ ಹಾಕಿ, ಒಳಗೆ ಇರಬೇಕು. ವರ್ಷದಲ್ಲಿ ಒಟ್ಟು ಮೂರು ದಿನ ಕತ್ತಲಾದರೆ ಅಂಗಡಿ ಖಾಲಿ ಎಂದು ದಾಖಲಾಗಿ ಮುಂದಿನವರ ಪಾಲಾಗುತ್ತದೆ. ಬಾಗಿಲ ಮೇಲೆ ಎಣಿಕೆಗಣ್ಣು ಎಂಬ ಸಣ್ಣ ಗಾಜು ಇರುತ್ತದೆ. ಕರಾರಿನಲ್ಲಿ ಯಾರ ಮುಖವಿದೆಯೋ ಅವರು ಬಂದರೇ ಎಂದು ಅದು ನೋಡುತ್ತದೆ. ಈ ಕರಾರಿನ ಮೂಲ ನಿಮ್ಮ ಕೈಬರಹ ಎಂದು ನನಗೆ ಹೇಳಿದರು. ಕಾಲಕಾಲಕ್ಕೆ ಹೆಸರುಗಳು ಬದಲಾಗಿವೆಯಂತೆ, ಷರತ್ತುಗಳು ಹಾಗೇ ಇವೆಯಂತೆ.

ನಮ್ಮದು ಲಿಫ್ಟಿನ ಎದುರಿನ ಮೂಲೆ ಅಂಗಡಿ. ಅದನ್ನು ತೋರಿಸಿ ಕೊಡಿಸಿದವರು ಶಿಖರದ ಬಾಡಿಗೆ ವ್ಯವಹಾರ ನೋಡಿಕೊಳ್ಳುತ್ತಿದ್ದ ಜುಬೇದಾ ನದಾಫ್. ನನ್ನ ಯಜಮಾನರ ಹೆಸರು ಚನ್ನವೀರ. ಅವರು ರೊಟ್ಟಿ ಬಡಿಯುತ್ತಿದ್ದರು, ಝುಣಕ ಮಾಡುತ್ತಿದ್ದರು, ಸಂಜೆಗೆ ಗಿರ್ಮಿಟ್ ಕಲಸುತ್ತಿದ್ದರು. ನಾನು ಎದುರಿನ ಕಟ್ಟೆಯಲ್ಲಿ ನಿಂತು ಬಡಿಸುತ್ತಿದ್ದೆ. ಸಹಿ ಹಾಕುವ ದಿನ ಅವರು ಕರಾರನ್ನು ಪೂರ್ತಿ ಓದಿ, "ಜಡ್ಡು ಬಂದ್ರ ಹೆಂಗ್ರಿ ಬಾಯಾರ?" ಎಂದು ಕೇಳಿದ್ದರು. "ಜಡ್ಡಿಗೆ ಬಿಡುವು ಐತ್ರಿ, ಚೀಟಿ ಕೊಟ್ರ ಆತು" ಎಂದು ಜುಬೇದಾ ಹೇಳಿದ್ದರು. ನಾವು ಮತ್ತೇನನ್ನೂ ಕೇಳಲಿಲ್ಲ. ಕೇಳುವುದಿದೆ ಎಂದು ಅನಿಸಲೂ ಇಲ್ಲ.

ಈ ವರ್ಷ ಉರಿತಿಂಗಳು ಹಿಡಿದ ಹೊಸದರಲ್ಲಿ ಒಂದು ದಿನ, ಊಟದ ಹೊತ್ತಿಗೆ ಮುಂಚೆ, ಯಜಮಾನರು ಹಂಚಿನ ಮುಂದೆ ನಿಂತಲ್ಲೇ ಕುಸಿದರು. ಬಿದ್ದ ಸದ್ದು ದೊಡ್ಡದಾಗಿರಲಿಲ್ಲ. ನಾನು ಹೋಗಿ ಕುತ್ತಿಗೆ ಮುಟ್ಟಿ ನೋಡಿದೆ, ಹೆಸರು ಹಿಡಿದು ಕರೆದೆ. ಆಮೇಲೆ ಎದ್ದು ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದೆ. ಏಕೆ ಹಾಗೆ ಮಾಡಿದೆನೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಸೀಯುತ್ತಿತ್ತು, ಅಷ್ಟೇ. ಅಳು ಬರಲಿಲ್ಲ. ಊರ ಹೊರಗಿನ ಮಣ್ಣಿಗೆ ಬೆಳಕು ಹರಿಯುವ ಮೊದಲೇ ಹೋಗಿಬಂದೆವು, ಏಕೆಂದರೆ ಬಿಸಿಲೇರಿದ ಮೇಲೆ ಅಲ್ಲಿ ನಿಲ್ಲಲಾಗುವುದಿಲ್ಲ. ಅಲ್ಲಿಯೂ ಬರಲಿಲ್ಲ. ಧಾರವಾಡದಿಂದ ಬಂದಿದ್ದ ನನ್ನ ನಾದಿನಿ, "ಅತ್ತಬಿಡು ವೈನಿ, ಎದಿ ಹಗುರಾಗ್ತೈತಿ" ಎಂದು ನನ್ನ ಬೆನ್ನು ಸವರಿದಳು. ಅವಳ ಕೈ ಯಾರದೋ ಬೆನ್ನಿನ ಮೇಲೆ ಆಡುತ್ತಿರುವಂತಿತ್ತು.

ಮಣ್ಣಾದ ಮರುದಿನ ಸಂಜೆ ಜುಬೇದಾ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ನಿಂತರು.

"ಒಳಗ ಬರ್ರಿ ಬಾಯಾರ."

"ಅಕ್ಕಾರ, ಹೆಂಗ ಹೇಳ್ಬೇಕೋ ನನಗ ತಿಳೀವಲ್ದು. ನಾಳೆ ಬಾಗಲಾ ತಗೀಲಿಲ್ಲಂದ್ರ ಅಂಗಡಿ ಖಾಲಿ ಅಂತ ಬರಕೊಳ್ತಾರ."

"ಅವರು ಹೋಗ್ಯಾರ ಅಂತ ಮಾಲೀಕರಿಗೆ ಹೇಳಿಲ್ಲೇನ್ರಿ?"

"ಹೇಳೀನ್ರಿ. ಕಾಗದದಾಗ ಜಡ್ಡಿಗೆ ಬಿಡುವು ಐತಿ, ಸಾವಿಗೆ ಇಲ್ಲ ಅಂದ್ರು. ಕರಾರಿನಾಗ ನಿಮ್ಮ ಮುಖಾನೂ ಐತಿ. ನೀವು ಬಂದು ಕುಂತ್ರ ಸಾಕು. ಏನೂ ಮಾರೂದು ಬ್ಯಾಡ."

ಅವರ ಕಣ್ಣು ಕೆಂಪಾಗಿದ್ದವು. ನಾನೇ ಅವರಿಗೆ ನೀರು ತಂದುಕೊಟ್ಟೆ. "ಬರ್ತೀನಿ ತಗೋರಿ" ಎಂದೆ. ಆ ಅಂಗಡಿ ಬಿಟ್ಟರೆ ನನಗೆ ಬದುಕಲು ಬೇರೆ ದಾರಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇಡ ಎನ್ನಲು ಬೇಕಾದ ಕಸುವು ನನ್ನಲ್ಲಿರಲಿಲ್ಲ.

ಬೆಳಿಗ್ಗೆ ಇಳಿದು ಬಾಗಿಲು ತೆಗೆದೆ, ದೀಪ ಹಾಕಿದೆ, ಕುರ್ಚಿಯಲ್ಲಿ ಕುಳಿತೆ. ಹಂಚು ತಣ್ಣಗಿತ್ತು. ರೊಟ್ಟಿ ಬಡಿಯಲು ನನಗೆ ಎಂದೂ ಸರಿಯಾಗಿ ಬಂದಿಲ್ಲ, ಅಂಚು ಒಡೆಯುತ್ತದೆ. ಮಧ್ಯಾಹ್ನ ಸಾಕ್ಷಿದಾರರು ಇಳಿದುಬಂದರು. ಕಾಲಿಗೆ ರೂಢಿಯಾಗಿತ್ತೋ ಏನೋ, ಎಂದಿನಂತೆ ಸಾಲಾಗಿ ನಿಂತರು. ಎಲ್ಲರ ಮುಂದೆ ಗುರುಪಾದಪ್ಪ ಕಾಕಾ ಇದ್ದರು. ವಯಸ್ಸಾದವರು, ಮಿತಭಾಷಿ, ದಿನವೂ ನಮ್ಮಲ್ಲೇ ಉಣ್ಣುತ್ತಿದ್ದವರು.

"ಏನ್ ಐತಿ ತಂಗೀ ಇವತ್ತು?"

"ಏನೂ ಇಲ್ರಿ ಕಾಕಾ."

ಅವರು ಒಳಗಿನ ಹಂಚನ್ನು ನೋಡಿದರು, ನನ್ನನ್ನು ನೋಡಿದರು. "ಹಂಗಾರ ನೀರ ಕೊಡು" ಎಂದು ಬೆಂಚಿನ ಮೇಲೆ ಕುಳಿತರು. ಹಿಂದಿನವರೂ ಬಂದು ನೀರು ಕುಡಿದರು. ಮರುದಿನ ಕೆಲವರು ತಮ್ಮ ಬುತ್ತಿ ತಂದು ಅಲ್ಲೇ ಕುಳಿತು ಉಂಡರು. ಯಾರೂ ಸಮಾಧಾನದ ಮಾತು ಆಡಲಿಲ್ಲ. ಕುಳಿತಿರುವುದನ್ನೇ ಕೆಲಸ ಮಾಡಿಕೊಂಡವರು ಅವರು, ಚೆನ್ನಾಗಿ ಕುಳಿತರು. ನಾನು ಲೋಟ ತೊಳೆಯುತ್ತಿದ್ದೆ. ನೀರು ಬಿಸಿಯೋ ತಣ್ಣಗೋ ಎನ್ನುವುದು ಕೈಗೆ ತಿಳಿಯುತ್ತಿರಲಿಲ್ಲ. ಸಂಜೆ ದೀಪ ಆರಿಸಿ ಮೇಲೆ ಹೋದರೆ, ಇಡೀ ದಿನ ಯಾರ ಯೋಚನೆಯೂ ಬಂದಿಲ್ಲವೆಂದು ಗೊತ್ತಾಗುತ್ತಿತ್ತು.

ಆಮೇಲೆ ದಿನದ ಕಾರ್ಯ ಬಂತು. ಧಾರವಾಡದಲ್ಲಿ ಯಜಮಾನರ ಅಣ್ಣನ ಮನೆಯಲ್ಲಿ ಮಾಡುವುದೆಂದಾಗಿತ್ತು. ಬಿಸಿಲಿಗೆ ಮುಂಚೆ ಹೊರಟರೆ ಬಿಸಿಲಿಳಿದ ಮೇಲೆಯೇ ಮರಳಬೇಕು. ಉರಿತಿಂಗಳಲ್ಲಿ ನಡುವೆ ಗಾಡಿಗಳಿಲ್ಲ. ಅಷ್ಟರೊಳಗೆ ಎಣಿಕೆಗಣ್ಣಿನ ಪುಸ್ತಕದಲ್ಲಿ ನಮ್ಮ ಅಂಗಡಿಯ ಎರಡು ಕತ್ತಲ ದಿನಗಳು ಸೇರಿದ್ದವು, ಇದು ಮೂರನೆಯದಾಗುತ್ತಿತ್ತು. ನಾನು ಹೋಗುವುದಿಲ್ಲ ಎಂದು ನಾದಿನಿಗೆ ಹೇಳಿ ಕಳಿಸಿದೆ. ಹೇಳುವಾಗ ನನಗೆ ಏನೂ ಅನಿಸಲಿಲ್ಲ, ಅದನ್ನು ನೀವು ನಂಬಬೇಕು.

ಈ ಸುದ್ದಿ ಜುಬೇದಾ ಅವರಿಗೆ ಹೇಗೋ ಮುಟ್ಟಿತು. ಅಂಗಡಿಗೆ ಬಂದು ಕೈ ಚಾಚಿದರು.

"ಕೀಲಿ ಕೊಡ್ರಿ ಅಕ್ಕಾರ. ನಾ ಕುಂದರ್ತೀನಿ, ನೀವು ಹೋಗಿ ಬರ್ರಿ."

"ಅದು ನಿಮ್ಮ ಮುಖಾ ಒಪ್ಪೂದಿಲ್ರಿ."

"ಒಳಗ ಒಬ್ಬರು ಅದಾರ ಅಂತಾದ್ರೂ ಬರಕೊಳ್ತೈತಿ. ಮುಂದಿಂದು ಮುಂದ."

"ನಿಮ್ಮ ನೌಕರಿಗೆ ಏನರ ಆದ್ರ?"

"ನೀವು ಅವರ ದಿನಕ್ಕ ಹೋಗಲಿಲ್ಲಂದ್ರ ನನಗ ಈ ಮೂಲಿ ದಾಟಿ ಲಿಫ್ಟಿಗೆ ಹೋಗಾಕ ಆಗೂದಿಲ್ರಿ" ಎಂದರು.

ನಾನು ಕೀಲಿ ಕೊಟ್ಟೆ. ಧಾರವಾಡಕ್ಕೆ ಹೋಗಿ, ಅವರ ಪಟಕ್ಕೆ ಹೂ ಹಾಕಿ, ಬಂದವರೊಂದಿಗೆ ಪಂಕ್ತಿಯಲ್ಲಿ ಕುಳಿತು ಎದ್ದು ಬಂದೆ. ಜುಬೇದಾ ಅಂದು ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ಕುಳಿತು ಬಂದವರಿಗೆ ನೀರು ಕೊಟ್ಟರಂತೆ.

ಕೆಲವು ದಿನಗಳಲ್ಲೇ ಮಾಲೀಕ ಮಂಡಳಿಯಿಂದ ನನಗೆ ಕರೆ ಬಂತು. ಮಂಡಳಿಯ ವ್ಯವಸ್ಥಾಪಕ ಹೆಬಸೂರ ಎನ್ನುವವರು ಒಳ್ಳೆಯ ಮಾತಿನವರು, ಕುರ್ಚಿ ಎಳೆದು ಕೂರಿಸಿದರು. ಪಕ್ಕದಲ್ಲಿ ತೀರ್ಮಾನ ಬರೆಯುವ ಯಂತ್ರವಿತ್ತು, ಗೋಡೆಗೆ ಒರಗಿ ಒಬ್ಬ ಸಾಕ್ಷಿದಾರಳು ಕುಳಿತಿದ್ದಳು. ಎದುರು ಬದಿಯಲ್ಲಿ ಜುಬೇದಾ ತಲೆತಗ್ಗಿಸಿ ನಿಂತಿದ್ದರು.

"ಅಕ್ಕಾರ, ಒಂದ ಮಾತು ಹೇಳ್ರಿ ಸಾಕು" ಎಂದರು ಹೆಬಸೂರ. "ನದಾಫ್ ಬಾಯಾರು ನಿಮ್ಮನ್ನ ಕೇಳದ ಬಂದು ಕುಂತ್ರು ಅಂತ. ಬ್ಯಾರೆ ಮುಖಾ ಕೂಡಿಸಿದ ತಪ್ಪು ನಿಮ್ಮ ಮ್ಯಾಲ ಬರೂದಿಲ್ಲ, ಆ ದಿನಾನೂ ಕತ್ತಲಂತ ಹಿಡಿಯೂದಿಲ್ಲ. ನಿಮ್ಮ ಕರಾರಿಗೆ ಏನೂ ಆಗೂದಿಲ್ಲ. ಅವರ ನೌಕರಿ ಹೆಂಗೂ ಮುಗದೈತಿ."

ಜುಬೇದಾ ತಲೆಯೆತ್ತಿ ನನಗೆ ಹೂಂ ಎಂಬಂತೆ ಕಣ್ಣಲ್ಲೇ ಹೇಳಿದರು. ಹೇಳಿಬಿಡಿ, ಪರವಾಗಿಲ್ಲ ಎಂದು.

"ಕೇಳೇ ಕುಂತಾರ್ರಿ. ಕೀಲಿ ನಾನ ಕೊಟ್ಟೀನಿ" ಎಂದೆ.

"ಇನ್ನೊಮ್ಮೆ ವಿಚಾರ ಮಾಡ್ರಿ. ನಿಮಗ ಇರೂದು ಅದೊಂದ ಅಂಗಡಿ."

"ಆದದ್ದು ಹೇಳಾಕ ವಿಚಾರ ಏನ್ ಮಾಡೂದೈತ್ರಿ?"

ಯಂತ್ರ ಬರೆದುಕೊಂಡಿತು. ಸಾಕ್ಷಿದಾರಳು ನೋಡಿದಳು. ಅಂಗಡಿಯೂ ಹೋಯಿತು, ಜುಬೇದಾ ಅವರ ನೌಕರಿಯೂ ಹೋಯಿತು. ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿದೆವು. ಅವರು ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದರು. ನಾನು ಅವರ ತೋಳು ಹಿಡಿದು ನಿಂತಿದ್ದೆ, ಆಗ ನನಗೆ ಹಸಿವಾಯಿತು. ಯಜಮಾನರು ಸತ್ತಂದಿನಿಂದ ನಾನು ಉಂಡಿದ್ದೆ, ಆದರೆ ಹಸಿದು ಉಂಡಿರಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಗುವಷ್ಟು ಹಸಿವು. ಅದು ಲಿಫ್ಟು ನಿಲ್ಲುವವರೆಗೂ ಇತ್ತು. ಆಮೇಲೆ ಮತ್ತೆ ಮೊದಲಿನಂತೆಯೇ ಆಯಿತು.

ಈಗ ಆ ಮೂಲೆಯನ್ನು ಯಾವುದೋ ದೊಡ್ಡ ಸಂಸ್ಥೆ ಹಿಡಿದಿದೆ. ಅವರು ಏನನ್ನೂ ಮಾರುವುದಿಲ್ಲ. ಜಾಗ ಕೈಯಲ್ಲಿರಲಿ ಎಂದು ಹಿಡಿದಿದ್ದಾರಂತೆ. ಕರಾರಿನಲ್ಲಿ ಮುಖ ಬೇಕಲ್ಲ, ಅದಕ್ಕೆ ಒಬ್ಬ ಹುಡುಗಿಯನ್ನು ಕೂರಿಸಿದ್ದಾರೆ. ಖಾಲಿ ಕಪಾಟುಗಳ ನಡುವೆ ದೀಪ ಹಾಕಿಕೊಂಡು ಕುಳಿತಿರುತ್ತಾಳೆ. ಒಮ್ಮೆ ಅವಳ ಹೆಸರು ಕೇಳಿದೆ. ಶಕುಂತಲಾ ಎಂದಳು, ಅವಳ ದನಿಯೂ ಒಡೆದಿತ್ತು. ಜುಬೇದಾ ದುರ್ಗದಬೈಲಿನ ಹಳೆಯ ಪೇಟೆಯಲ್ಲಿ, ಬಿಸಿಲಿಗೆ ಮುಂಚೆ ಕೂಡುವ ಸಂತೆಯಲ್ಲಿ, ನಮ್ಮಿಬ್ಬರಿಗೂ ಒಂದು ಜಾಗ ನೋಡುತ್ತಿದ್ದಾರೆ. ಸಿಗುತ್ತದೆಯೋ ಇಲ್ಲವೋ.

ನನ್ನ ಕೋರಿಕೆ ಇಷ್ಟು. ನೀವು ಕರಾರು ಬರೆಯುವಾಗ ಜಡ್ಡಿಗೆ ಬಿಡುವು ಎಂದು ಬರೆಯುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ. ಬಾಡಿಗೆದಾರರ ಮನೆಯಲ್ಲಿ ಸಾವಾದರೆ ಅಂಗಡಿ ಮುಚ್ಚಿರಬಹುದು, ಅದನ್ನು ಖಾಲಿಯೆಂದು ಎಣಿಸತಕ್ಕದ್ದಲ್ಲ, ಎಂದು. ನೀವು ಕೆಟ್ಟವರಾದ್ದರಿಂದ ಅದನ್ನು ಬಿಟ್ಟಿರಿ ಎಂದು ನಾನು ಹೇಳುವುದಿಲ್ಲ. ಆ ಹೊತ್ತಿಗೆ ನೆನಪಾಗಿರಲಿಕ್ಕಿಲ್ಲ. ಊಟದ ವೇಳೆಯಾಗಿತ್ತೋ ಏನೋ, ಯಾರೋ ಕರೆದರೋ ಏನೋ. ಹಾಗೆ ಬದಲಾದರೆ ಈ ಪತ್ರವೇ ಇರುವುದಿಲ್ಲ ಎಂದು ಗುರುಪಾದಪ್ಪ ಕಾಕಾ ಹೇಳಿದರು. ಇರದಿದ್ದರೆ ಇರದಿರಲಿ.

ಎಷ್ಟು ದಿನ ಎಂದು ಮೇಲಿನವರು ನಿಮ್ಮನ್ನು ಕೇಳುತ್ತಾರೆ. ಉಳಿದವರಿಗೆ ಬಾಗಿಲು ತೆರೆಯುವ ಮನಸ್ಸಾಗುವವರೆಗೆ ಎಂದು ಬರೆಯಿರಿ. ಅವರು ಒಪ್ಪುವುದಿಲ್ಲ, ಅಂಕಿ ಬೇಕು ಎನ್ನುತ್ತಾರೆ. ಆಗ ನಿಮಗೆ ತೋಚಿದ ಅಂಕಿ ಹಾಕಿ. ಸಣ್ಣದಾದರೂ ಸರಿ, ಖಾಲಿ ಬಿಡಬೇಡಿ.

ನಿಮಗೂ ನಿಮ್ಮ ಮನೆಯವರಿಗೂ ಆರೋಗ್ಯವಿರಲಿ.

ಮಹಾನಂದಾ ಹೊಂಬಳ